ಎಂಟು ಸೆಂಟು ಮಳೆ

ಜೂನ್ 9, ಸೋಮವಾರ

ನಾಲ್ಕು ಗಂಟೆ ಹನ್ನೆರಡು ನಿಮಿಷ. ಇವತ್ತೂ ಅಷ್ಟೇ. ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರ ಪ್ರೋಗ್ರಾಮ್ ಓಡಿಸಿ ಕ್ಲಾಸಿಗೆ ಹೋದೆ. ಎರಡು ಪಾಠ, ಒಂದು ಲ್ಯಾಬ್, ಸ್ಟಾಫ್ ರೂಮಿನ ಹರಟೆ ಎಲ್ಲ ಮುಗಿಸಿ ಬಂದರೂ ಅದು ಏದುಸಿರು ಬಿಡುತ್ತಲೇ ಇತ್ತು. ಮಧ್ಯಾಹ್ನ 1.12ಕ್ಕೆ ಉತ್ತರ ಕೊಟ್ಟಿತು: ಗುಡ್ಡ ಗಟ್ಟಿಯಾಗಿದೆ. ಜೂನ್ ಒಂಬತ್ತಕ್ಕೆ ಗುಡ್ಡ ಗಟ್ಟಿಯಾಗಿದೆ ಅನ್ನಲು ಕಂಪ್ಯೂಟರ್ ಬೇಕೇ? ನಮ್ಮ ಕಾಲೇಜಿನ ಅಟೆಂಡರ್ ಕೂಡ ಹೇಳುತ್ತಾನೆ.

ಹೊಂಗಡಹಳ್ಳದ ಹತ್ತಿರ ಮೂರುಕಲ್ಲು ಎಸ್ಟೇಟಿನ ಗುಡ್ಡ. ಅದರ ಕೆಳಗೆ ಕೆಲಸಗಾರರ ಲೈನ್, ಇಪ್ಪತ್ತಮೂರು ಮನೆ. ಗುಡ್ಡವನ್ನು ಎರಡು ಲಕ್ಷ ಚೌಕ ಮಾಡಿ, ಬಿದ್ದ ಮಳೆ ಯಾವ ಚೌಕದಿಂದ ಯಾವ ಚೌಕಕ್ಕೆ ಇಳಿಯುತ್ತದೆ, ಮಣ್ಣು ಎಷ್ಟು ಕುಡಿಯುತ್ತದೆ, ಎಲ್ಲಿ ಹಿಡಿತ ಬಿಡುತ್ತದೆ ಅಂತ ಲೆಕ್ಕ ಹಾಕುವ ಪ್ರೋಗ್ರಾಮನ್ನು ನನಗೆ ಕಲಿಸಿದ ಚಂದ್ರಶೇಖರ ಮೇಷ್ಟ್ರು ರಿಟೈರಾದ ಮೇಲೆ ಪೈಥಾನ್ ಕಲಿತು ಬರೆದರು. ಕೊನೆಗೆ ಬರುವುದು ಒಂದೇ ಅಂಕಿ. ಅವರ ಭಾಷೆಯಲ್ಲಿ ಅದು ‘ಹಿಡಿತ’. ಒಂದಕ್ಕಿಂತ ಮೇಲಿದ್ದರೆ ನಿದ್ದೆ ಮಾಡಬಹುದು. ಒಂದಕ್ಕಿಂತ ಕೆಳಗೆ ಬಂದರೆ ಏಳಬೇಕು.

ಹೋದ ವರ್ಷ ಆಗಸ್ಟ್‌ನಲ್ಲಿ ಆ ಗುಡ್ಡದ ಇನ್ನೊಂದು ಮಗ್ಗುಲು ಬೆಳಿಗ್ಗೆ ಹನ್ನೊಂದಕ್ಕೆ ಜರಿದು ಒಂದು ಖಾಲಿ ಶೆಡ್ಡನ್ನು ಹೊಸಕಿಹಾಕಿತು. ನಮ್ಮ ಪ್ರೋಗ್ರಾಮ್ ‘ಜರಿಯಬಹುದು’ ಅಂದದ್ದು ಒಂದು ಗಂಟೆಗೆ. ಮೇಷ್ಟ್ರು ಫೋನ್ ಮಾಡಿ, "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ ಕಣಮ್ಮ ಶಾಜಿಯಾ" ಅಂದರು. ಅವರು ನಗಲಿಲ್ಲ.

ಮಾರ್ಚಿನಲ್ಲಿ ಅವರೇ ಹೋದರು. ಬಸ್‌ಸ್ಟ್ಯಾಂಡಿನ ಎದುರು ಹಾಲಿನ ಪ್ಯಾಕೆಟ್ ಹಿಡಿದು ನಿಂತವರು ಹಾಗೇ ಕುಸಿದರಂತೆ. ಅವರ ಹೆಂಡತಿ ಗಂಗಾಮಣಿ ಅಮ್ಮ ಲ್ಯಾಪ್‌ಟಾಪನ್ನು ಬಟ್ಟೆ ಚೀಲದಲ್ಲಿ ಹಾಕಿ ಕೊಟ್ಟರು. "ತಗೊಳ್ಳಮ್ಮ, ಇದ್ರ ಭಾಷೆ ನಿಂಗೊಬ್ಳಿಗೇ ಬರೋದು." ದಿನಾ ಸಂಜೆ ಮೇಷ್ಟ್ರಿಗೆ ಫೋನಿನಲ್ಲಿ ಹೇಳುತ್ತಿದ್ದದ್ದನ್ನೆಲ್ಲ ಇನ್ನು ಎಲ್ಲಿ ಹೇಳಲಿ? ಅದಕ್ಕೇ ಈ ನೋಟ್‌ಬುಕ್.

ಜೂನ್ 14, ಶನಿವಾರ

ಮಳೆ ಬಳಗದ ಮೀಟಿಂಗ್. ಮೇಷ್ಟ್ರಿಗೆ ಮಳೆ ಲೆಕ್ಕ ಕಳಿಸುತ್ತಿದ್ದ ಏಳು ಎಸ್ಟೇಟಿನವರು. ದಯಾನಂದ ಸರ್ ಅಧ್ಯಕ್ಷರು, ಮೂರುಕಲ್ಲಿನ ಮಾಲೀಕರು. ಎಲ್ಲರ ಮಾತೂ ಒಂದೇ: ಬೇಗ ಹೇಳುವ ಹಾಗೆ ಮಾಡಿ, ಇಲ್ಲದಿದ್ದರೆ ಇದು ಯಾಕೆ?

ಅವರ ಮಾತು ನ್ಯಾಯವೇ. ಆದರೆ ಮೇಷ್ಟ್ರು ಬರೆದದ್ದಕ್ಕೆ ಕೈ ಹಾಕಲು ನನಗೆ ಮನಸ್ಸಿಲ್ಲ. ಸಾಲು ಸಾಲಿಗೂ ಕನ್ನಡದಲ್ಲಿ ಟಿಪ್ಪಣಿ. ‘ಇಲ್ಲಿ ನೀರು ಇಳಿಯುತ್ತದೆ.’ ‘ಇಲ್ಲಿ ಸ್ವಲ್ಪ ತಡೆ, ಬೇರು ಇದೆ.’ ಓದುತ್ತಿದ್ದರೆ ಅವರೇ ಪಕ್ಕದಲ್ಲಿ ನಿಂತು ಬೋರ್ಡಿನ ಮೇಲೆ ಬರೆದ ಹಾಗಿದೆ. ಓದುವವರಿಗೆ ಮೊದಲು ಅರ್ಥವಾಗಬೇಕು, ಮಿಷನ್ನಿಗೆ ಆಮೇಲೆ, ಅನ್ನುತ್ತಿದ್ದರು. ಆಮೇಲೆ ಅಂದರೆ ನಾಲ್ಕು ಗಂಟೆ ಹನ್ನೆರಡು ನಿಮಿಷ ಆಮೇಲೆ.

ಜೂನ್ 22, ಭಾನುವಾರ

ಕೈ ಹಾಕಿದೆ. ಬೇರೆ ದಾರಿ ಇಲ್ಲ.

ಪೈಥಾನ್ ಯಾಕೆ ನಿಧಾನ ಅಂತ ಮಕ್ಕಳಿಗೆ ಪಾಠದಲ್ಲಿ ಹೇಳುತ್ತೇನೆ. ಕೈಗೆ ಕೊಟ್ಟದ್ದು ಅಂಕಿಯೋ ಅಕ್ಷರವೋ ಅದಕ್ಕೆ ಮೊದಲೇ ಗೊತ್ತಿರುವುದಿಲ್ಲ. ಪ್ರತಿ ಸಲ ಕೂಡಿಸುವ ಮುಂಚೆ ಮುಟ್ಟಿ ನೋಡುತ್ತದೆ. ಎರಡು ಲಕ್ಷ ಚೌಕ, ಒಂದೊಂದಕ್ಕೂ ಸುತ್ತ ಎಂಟು ನೆರೆಯ ಚೌಕ, ಎಪ್ಪತ್ತೆರಡು ಗಂಟೆಯ ಮಳೆ. ಎಲ್ಲವನ್ನೂ ಮುಟ್ಟಿ ನೋಡುತ್ತ ಕೂತರೆ ಹೊತ್ತು ಮುಳುಗದೆ ಇನ್ನೇನು? ಬರೆಯುವವರಿಗೆ ಸುಖ, ಕಾಯುವವರಿಗೆ ಕಷ್ಟ.

ಅದಕ್ಕೂ ಈಗ ಮದ್ದಿದೆ. ಪೈಥಾನನ್ನು ಪೈಥಾನಾಗಿಯೇ ಬಿಟ್ಟು, ಭಾರದ ಭಾಗದ ನೆತ್ತಿಯ ಮೇಲೆ ಒಂದು ಸಾಲು ಬರೆದರೆ ಅದನ್ನಷ್ಟೇ ಕಂಪೈಲ್ ಮಾಡಿ ಯಂತ್ರದ ಭಾಷೆಗೆ ಇಳಿಸಿಕೊಡುತ್ತದೆ. ಮೇಷ್ಟ್ರ ಟಿಪ್ಪಣಿ ಟಿಪ್ಪಣಿಯಾಗಿಯೇ ಇರುತ್ತದೆ. ಷರತ್ತು ಒಂದೇ: ಒಳಗೆ ಹೋಗುವುದೆಲ್ಲ ಅಂಕಿ ಅಂತ ಮೊದಲೇ ಮಾತು ಕೊಡಬೇಕು. ಅಕ್ಷರ ಬಂದರೆ ಬಾಗಿಲಲ್ಲೇ ತಡೆಯುತ್ತದೆ.

ಮೇಷ್ಟ್ರು ಮಳೆಯನ್ನು ಅಕ್ಷರವಾಗಿಯೇ ಇಟ್ಟಿದ್ದಾರೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವಾಟ್ಸಾಪಿನಲ್ಲಿ ಕಳಿಸಿದ ‘1.20’ ಅವರಿಗೆ ಅಂಕಿಯಲ್ಲ, ಬರಹ. ಅದನ್ನು ಅಂಕಿ ಮಾಡಲು ‘ಓದು’ ಅಂತ ಹೆಸರಿಟ್ಟು ಐದು ಸಾಲು ಬರೆದಿದ್ದಾರೆ. ಚುಕ್ಕಿಯ ಹತ್ತಿರ ಎರಡು ತುಂಡು ಮಾಡುವುದು, ಬಲಗಡೆಯದನ್ನು ನೂರರಿಂದ ಭಾಗಿಸುವುದು, ಎಡಗಡೆಯದಕ್ಕೆ ಕೂಡಿಸುವುದು. ಅಯ್ಯೋ ಮೇಷ್ಟ್ರೇ! ಒಂದೇ ಪದದಲ್ಲಿ ಆಗುವ ಕೆಲಸಕ್ಕೆ ಸುತ್ತಿ ಬಳಸಿ ಮೂಗು ಹಿಡಿದಿದ್ದೀರಲ್ಲ. ಅರವತ್ತೊಂದರ ವಯಸ್ಸಿನಲ್ಲಿ ಕಲಿತರೆ ಹೀಗೇ. ಎಲ್ಲದಕ್ಕೂ ಟಿಪ್ಪಣಿ ಬರೆದವರು ಇದಕ್ಕೆ ಮಾತ್ರ ಬರೆದಿಲ್ಲ, ನಾಚಿಕೆಯಾಗಿರಬೇಕು. ಐದು ಸಾಲು ಕಿತ್ತೆ, ಒಂದು ಪದ ಹಾಕಿದೆ. ಎರಡು ನಿಮಿಷದ ಕೆಲಸ.

ನನ್ನ ಅಬ್ಬಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೂವತ್ತು ವರ್ಷ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. "ಹೆಬ್ಬಾವಿಗೆ ಯಾಕಮ್ಮ ಓಟ ಕಲಿಸ್ತೀಯ?" ಅಂದರು. ಪೈಥಾನ್ ಅಂದರೆ ಹೆಬ್ಬಾವು ಅಂತ ಒಂದು ಸಲ ಹೇಳಿದ್ದೇ ತಪ್ಪಾಯಿತು.

ಜೂನ್ 29, ಭಾನುವಾರ

ಎರಡು ನಿಮಿಷ ಹತ್ತು ಸೆಕೆಂಡ್!

ಮತ್ತೆ ಓಡಿಸಿದೆ. ಎರಡು ಒಂಬತ್ತು. ಮತ್ತೆ. ಎರಡು ಹತ್ತು. ಕುರ್ಚಿಯಿಂದ ಎದ್ದು ಒಬ್ಬಳೇ ಚಪ್ಪಾಳೆ ತಟ್ಟಿದೆ.

ಸುಮ್ಮನೆ ಬೀಗುವವಳಲ್ಲ ನಾನು. ಹೋದ ವರ್ಷದ ಮಳೆ ಕೊಟ್ಟು ಹಳೆಯದನ್ನೂ ಹೊಸದನ್ನೂ ತಾಳೆ ನೋಡಿದೆ. ನಮ್ಮ ಕಾಲೇಜಿನ ಮಳೆ ಮಾಪಕದ ಅಂಕಿ, ಮೇಷ್ಟ್ರ ಮನೆ ಹಿತ್ತಿಲಿನದ್ದು, ಎರಡರಲ್ಲೂ ದಶಮಾಂಶದ ಆರನೇ ಸ್ಥಾನದವರೆಗೆ ಒಂದೇ ಉತ್ತರ. ಮೊದಲು ನೆನಪಾದದ್ದು ಮೇಷ್ಟ್ರಿಗೆ ಫೋನ್ ಮಾಡಬೇಕು ಅಂತ. ಮೊಬೈಲ್ ಕೈಗೆ ತೆಗೆದುಕೊಂಡಿದ್ದೆ ಕೂಡ. ಆಮೇಲೆ ತುಂಬಾ ಹೊತ್ತು ಅತ್ತೆ. ಹದಿನೈದು ನಿಮಿಷ ಇರಬಹುದು.

ಜುಲೈ 14, ಸೋಮವಾರ

ಬೆಳಿಗ್ಗೆ 9.40. ಹಿಡಿತ 0.94.

ಮೂರು ಸಲ ಓಡಿಸಿದೆ, ಆರೂವರೆ ನಿಮಿಷ. ಮೂರು ಸಲವೂ 0.94. 9.47ಕ್ಕೆ ದಯಾನಂದ ಸರ್‌ಗೆ ಹೇಳಿದೆ. 9.50ಕ್ಕೆ ಎಸ್ಟೇಟಿನ ರೈಟರ್ ಧರ್ಮಣ್ಣನಿಗೆ. ಮಳೆ ಹೇಗಿದೆ ಅಂತ ಕೇಳಿದೆ. "ಬುಡ್ತಾನೇ ಇಲ್ಲ ಮೇಡಂ, ಮೂರು ದಿನದಿಂದ ಒಂದೇ ಸಮ ಸುರೀತೈತೆ" ಅಂದ. ಅವನು ಗಂಟೆಗಂಟೆಗೂ ಕಳಿಸಿದ ಅಂಕಿ ನನ್ನ ಕಣ್ಣ ಮುಂದೆಯೇ ಇತ್ತು: 0.8, 0.9, 0.7. ಗಂಟೆಗೆ ಮುಕ್ಕಾಲು ಇಂಚಿನ ಮೇಲೆ! ಅಂಥ ಮಳೆಗೆ ಯಾವ ಗುಡ್ಡ ನಿಂತೀತು?

10.30ರ ಹೊತ್ತಿಗೆ ಇಪ್ಪತ್ತೆರಡು ಮನೆ ಖಾಲಿ. ಮಕ್ಕಳು, ಕೋಳಿ, ರೇಷನ್ ಕಾರ್ಡು ಎಲ್ಲ ಶಾಲೆಗೆ ಹೋಯಿತು. ಒಂದು ಮನೆ ಮಾತ್ರ ಏಳಲಿಲ್ಲ. ಚೆಲುವಮ್ಮ ಅಂತ, ಎಪ್ಪತ್ತೈದರ ಮೇಲೆ ವಯಸ್ಸು, ಉಬ್ಬಸದ ಜೀವ. ಮಗಳು ಶೀಲಕ್ಕ ಎಸ್ಟೇಟಿನಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಅವಳೇ ಫೋನನ್ನು ಅವ್ವನ ಕೈಗೆ ಕೊಟ್ಟಳು.

"ಅಜ್ಜಿ, ಗುಡ್ಡ ಜರಿಯೋ ಹಾಗಿದೆ. ಹೊರಡಿ."

"ಈ ಮಳೆಗಾ? ಇದು ಜಿಟಿಜಿಟಿ ಮಳೆ ಕಣವ್ವ. ಇಂಥದ್ಕೆಲ್ಲ ಗುಡ್ಡ ಜರಿಯಾಕಿಲ್ಲ. ಹಳ್ಳದ ನೀರು ಇನ್ನೂ ತಿಳಿಯಾಗೇ ಐತೆ. ಅದು ಕೆಂಪಾಗ್ಲಿ, ಆವಾಗ ನಾನೇ ಎದ್ದೋಯ್ತೀನಿ."

"ಕಂಪ್ಯೂಟರ್ ಹೇಳ್ತಾ ಇದೆ ಅಜ್ಜಿ."

"ಅದು ಮಳೇಲಿ ನೆಂದೈತಾ?"

ನನಗೆ ಸಿಟ್ಟು ಬಂತು. ನಿಮಿಷ ನಿಮಿಷವೂ ಬೆಲೆಯುಳ್ಳದ್ದು, ಇವರು ನೋಡಿದರೆ ಜಿಟಿಜಿಟಿ ಅಂತ ಕೂತಿದ್ದಾರೆ. ಫೋನ್ ಶೀಲಕ್ಕನ ಕೈಗೆ ಹೋದಾಗ ಹೇಳಿದೆ: "ಎತ್ಕೊಂಡಾದ್ರೂ ಹೋಗಿ. ಜವಾಬ್ದಾರಿ ನಂದು."

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೇಲೆ ಟಾರ್ಪಾಲು ಹೊದಿಸಿ, ಧರ್ಮಣ್ಣ ಒಂದು ಕಡೆ, ಶೀಲಕ್ಕ ಒಂದು ಕಡೆ ಹಿಡಿದು ಒಂದು ಕಿಲೋಮೀಟರ್ ಹೊತ್ತುಕೊಂಡು ಹೋದರಂತೆ. 11.25ಕ್ಕೆ ಇಪ್ಪತ್ತಮೂರನೇ ಮನೆಯೂ ಖಾಲಿ. ಹಳೆಯ ಪ್ರೋಗ್ರಾಮ್ ಆಗಿದ್ದರೆ ಆಗಿನ್ನೂ ಓಡುತ್ತಲೇ ಇರುತ್ತಿತ್ತು.

ಜುಲೈ 15, ಮಂಗಳವಾರ

0.93. ಗುಡ್ಡ ಜರಿದಿಲ್ಲ. ಇವತ್ತು ಜರಿಯಬಹುದು. ಜರಿಯಲಿ ಅಂತ ಒಂದು ಕ್ಷಣ ಅಂದುಕೊಂಡೆನಾ? ಛೆ.

ಶಾಲೆಯ ಹೆಂಚು ಸೋರುತ್ತಿದೆಯಂತೆ. ಚೆಲುವಮ್ಮನಿಗೆ ಉಸಿರು ಕಟ್ಟುತ್ತಿದೆ ಅಂತ ಧರ್ಮಣ್ಣ ಹೇಳಿದ. ಜಮಖಾನ ಕಳಿಸಲು ದಯಾನಂದ ಸರ್‌ಗೆ ಮೆಸೇಜ್ ಮಾಡಿದೆ.

ಜುಲೈ 17, ಗುರುವಾರ

ಬೆಳಿಗ್ಗೆ ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಕರೆತರುವಾಗ ದಾರಿಯಲ್ಲೇ ಚೆಲುವಮ್ಮ ತೀರಿಕೊಂಡರು. ಹಾಗಂತ ಧರ್ಮಣ್ಣ ಫೋನ್ ಮಾಡಿದ.

ಮಳೆ ನಿಂತಿದೆ. ಎಲ್ಲರೂ ಮನೆಗೆ ವಾಪಸಾದರು.

ಜುಲೈ 19, ಶನಿವಾರ

ಇವತ್ತು ಚೆಲುವಮ್ಮನ ಹಾಲುತುಪ್ಪ, ಮೂರನೇ ದಿನದ್ದು. ಹೋಗಿದ್ದೆ. ದೂರ ನಿಂತಿದ್ದೆ. ಲೈನಿನ ಹೆಂಗಸರು ಕರೆದು ಕೂರಿಸಿದರು. ಅವರಲ್ಲಿ ಒಬ್ಬರು ನನ್ನ ಕೈ ಹಿಡಿದುಕೊಂಡು, "ನಿಮ್ಮಿಂದ ನಮ್ ಮಕ್ಳುಮರಿ ಉಳುಕಂಡ್ವು ತಾಯಿ" ಅಂದರು. ಗುಡ್ಡ ಎದುರಿಗೇ ಇತ್ತು, ಒಂದು ಹಿಡಿ ಮಣ್ಣೂ ಕದಲದೆ.

ಶೀಲಕ್ಕ ಊಟ ಮಾಡಿದ್ರಾ ಅಂತ ಕೇಳಿದಳು.

ದಯಾನಂದ ಸರ್ ಆಗಸ್ಟ್ ಹದಿನೈದಕ್ಕೆ ನನಗೆ ಸನ್ಮಾನ ಮಾಡುವ ಯೋಚನೆಯಲ್ಲಿದ್ದಾರೆ. ಬೇಡ ಸರ್ ಅಂದೆ. ಬಾಯಲ್ಲಿ ಬೇಡ ಅಂದೆ. ಶಾಲು ಯಾವ ಬಣ್ಣದ್ದಿರಬಹುದು ಅಂತ ಬಸ್ಸಿನಲ್ಲಿ ಯೋಚಿಸಿದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತಿದೆ, ಆದರೂ ಬರೆದಿಡುತ್ತೇನೆ.

ಜುಲೈ 27, ಭಾನುವಾರ

ಏನು ಬರೆಯಲಿ?

ಇವತ್ತು ಚೆಲುವಮ್ಮನ ತಿಥಿ. ಎಡೆ ಇಡಲು ಇನ್ನೂ ಹೊತ್ತಿತ್ತು. ಧರ್ಮಣ್ಣ ಎಸ್ಟೇಟ್ ಆಫೀಸಿನಲ್ಲಿ ಕೂರಿಸಿ ಕಾಫಿ ಕೊಟ್ಟ. ಮೇಜಿನ ಮೇಲೆ ಮಳೆ ಪುಸ್ತಕ ಇತ್ತು, ಕೆಂಪು ರಟ್ಟಿನದು. ಸುಮ್ಮನೆ ತಿರುವಿದೆ. ಜುಲೈ ಹದಿಮೂರರ ಬೆಳಗಿನ ಹೊತ್ತಿನ ನಾಲ್ಕು ತಾಸಿನ ಮಳೆ ಅವನ ದುಂಡು ಅಕ್ಷರದಲ್ಲಿ ಒಂದರ ಕೆಳಗೊಂದು: 0.8, 0.9, 0.12, 0.7. ಕೆಳಗೆ ಗೆರೆ ಎಳೆದು ಒಟ್ಟು: 0.36.

ನನಗೆ ನಗು ಬಂತು. ತಿಥಿಯ ದಿನ ಅಂತಲೂ ನೋಡದೆ ನಕ್ಕೆ. "ಧರ್ಮಣ್ಣ, ಸ್ಕೂಲಲ್ಲಿ ಕೂಡೋ ಲೆಕ್ಕ ಯಾರು ಹೇಳ್ಕೊಟ್ರು ನಿಮಗೆ? ಇದು ಎರಡೂವರೆ ದಾಟುತ್ತಲ್ಲ."

ಅವನು ಬಗ್ಗಿ ನೋಡಿದ. "ಇಲ್ವಲ್ಲ ಮೇಡಂ, ಸರ್ಯಾಗೇ ಐತೆ. ಎಂಟು, ಒಂಬತ್ತು, ಹನ್ನೆರ್ಡು, ಏಳು. ಮೂವತ್ತಾರು ಸೆಂಟು."

"ಇದು ಎಂಟು ಸೆಂಟಾ?"

"ಹೂಂ. ಸೊನ್ನೆ ಇಂಚು, ಎಂಟು ಸೆಂಟು. ನೂರು ಸೆಂಟಿಗೊಂದು ಇಂಚು. ಎಂಬತ್ತಾದ್ರೆ ಎಂಟ್ರ ಮುಂದೆ ಸೊನ್ನೆ ಹಾಕ್ತೀವಲ್ಲ. ನಮ್ಮಪ್ಪ ರೈಟ್ರಾಗಿದ್ದಾಗ್ಲಿಂದ್ಲೂ ಹಿಂಗೇಯ ಬರೆಯಾದು."

ನಾನು ಹಾಳೆ ತಿರುವಿದೆ. ಒಂದು ಕಡೆ 1.5. ಅದರ ಕೆಳಗೇ 1.50. ಎರಡೂ ಬೇರೆ ಬೇರೆ. ಒಂದು ಇಂಚು ಐದು ಸೆಂಟು. ಒಂದು ಇಂಚು ಐವತ್ತು ಸೆಂಟು. ಆ ಚುಕ್ಕಿ ದಶಮಾಂಶದ ಚುಕ್ಕಿಯೇ ಅಲ್ಲ. ಇಂಚಿಗೂ ಸೆಂಟಿಗೂ ನಡುವೆ ಹಾಕಿದ ಬೇಲಿ. ಅಕ್ಷರವಾಗಿ ನೋಡಿದರೆ ಗೊತ್ತಾಗುತ್ತದೆ. ಅಂಕಿ ಮಾಡಿದ ಕೂಡಲೇ ಎರಡೂ ಒಂದೇ ಆಗಿಬಿಡುತ್ತವೆ.

ಮೇಷ್ಟ್ರ ಐದು ಸಾಲು. ಚುಕ್ಕಿಯ ಹತ್ತಿರ ಎರಡು ತುಂಡು. ಬಲಗಡೆಯದನ್ನು ನೂರರಿಂದ ಭಾಗಿಸು.

ಅದಕ್ಕೆ ಟಿಪ್ಪಣಿ ಯಾಕೆ ಬರೆದಿರಲಿಲ್ಲ ಅಂತ ಈಗ ಗೊತ್ತಾಯಿತು. ಈ ಗುಡ್ಡಗಳ ಮೇಲೆ ಕಾಫಿ ಬೆಳೆಯುವ ಎಲ್ಲರಿಗೂ ಗೊತ್ತಿರುವುದನ್ನು ಯಾರಾದರೂ ಟಿಪ್ಪಣಿ ಮಾಡಿ ಬರೆಯುತ್ತಾರೆಯೇ? ನಾನು ಪೇಟೆಯವಳು, ಲಾರಿಯವರ ಮಗಳು. ಕಾಲೇಜಿನ ಮಾಪಕದಲ್ಲಿ 0.08 ಅಂತ ಬರೆಯುವವಳು. ಮೇಷ್ಟ್ರೂ ತಮ್ಮ ಹಿತ್ತಿಲಿನ ಲೆಕ್ಕವನ್ನು ಹಾಗೆಯೇ ಬರೆಯುತ್ತಿದ್ದರು, ಅದಕ್ಕೇ ತಾಳೆ ನೋಡಿದ್ದು ತಾಳೆಯಾಯಿತು.

ಎಂಟು ಸೆಂಟನ್ನು ಎಂಬತ್ತು ಮಾಡಿದೆ. ಜಿಟಿಜಿಟಿ ಮಳೆ ಅಂತ ಅಜ್ಜಿ ಹೇಳಿದ್ದರು.

ಎಡೆ ಇಟ್ಟ ಮೇಲೆ ಊಟಕ್ಕೆ ಕರೆದರು. ಕೂತೆ. ಶೀಲಕ್ಕನೇ ಬಡಿಸಿದಳು. ನುಂಗಿದೆ.

ಜುಲೈ 28, ಸೋಮವಾರ

ಮೇಷ್ಟ್ರ ಹಳೆಯ ಪ್ರೋಗ್ರಾಮಿಗೆ ಜುಲೈ ಹದಿನಾಲ್ಕರವರೆಗಿನ ಮಳೆ ಕೊಟ್ಟು ಅದರ ಎದುರಿಗೇ ಕೂತೆ. ರಜೆ ಹಾಕಿದ್ದೆ. ಅಮ್ಮಿ ಎರಡು ಸಲ ಊಟಕ್ಕೆ ಕರೆದು ಸುಮ್ಮನಾದರು. ಎಷ್ಟು ಹೊತ್ತು ಓಡಿತೋ ನೋಡಲಿಲ್ಲ.

1.31.

ಗುಡ್ಡ ಗಟ್ಟಿಯಾಗಿತ್ತು. ಯಾರೂ ಏಳಬೇಕಾಗಿರಲಿಲ್ಲ.

ಜುಲೈ 29, ಮಂಗಳವಾರ

ಬೆಳಿಗ್ಗೆ ದಯಾನಂದ ಸರ್‌ಗೆ ಒಂದು ಪತ್ರ ಟೈಪ್ ಮಾಡಿದೆ. ‘ರೈಟರ್ ಮಳೆಯ ಅಂಕಿಗಳನ್ನು ತಪ್ಪು ಕ್ರಮದಲ್ಲಿ ದಾಖಲಿಸುತ್ತಿದ್ದುದರಿಂದ’ ಅಂತ ಶುರು. ಚೆನ್ನಾಗಿಯೇ ಬಂದಿತ್ತು. ಓದಿದರೆ ಎಲ್ಲರೂ ಒಪ್ಪುವ ಹಾಗಿತ್ತು. ಕುರ್ಚಿಯ ಒಂದು ಕಡೆ ಹಿಡಿದು ಅಜ್ಜಿಯನ್ನು ಹೊತ್ತವನ ಮೇಲೆ ಹೊರಿಸಲು ಹೊರಟಿದ್ದೆ. ಅಳಿಸಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಮೇಲೆ ‘ಓದು’ವನ್ನು ಅದರ ಜಾಗಕ್ಕೆ ತಂದು ಕೂರಿಸಿದೆ. ನೀರು ಇಳಿಯುವ ಭಾರದ ಲೆಕ್ಕ ಕಂಪೈಲ್ ಆಗಿಯೇ ಇರಲಿ, ಓಡಲಿ. ಮಳೆ ಓದುವ ಕೆಲಸ ಮಾತ್ರ ಹೊರಗೆ, ಮೇಷ್ಟ್ರು ಬರೆದ ಹಾಗೇ, ಒಂದೊಂದನ್ನೂ ಮುಟ್ಟಿ ನೋಡಿ. ಅದು ಇರುವುದೇ ಎಪ್ಪತ್ತೆರಡು ಅಂಕಿ. ಹೀಗೆ ಮಾಡಿದ್ದರಿಂದ ಕಣ್ಣ ರೆಪ್ಪೆ ಬಡಿಯುವಷ್ಟೂ ತಡವಾಗಲಿಲ್ಲ. ಆ ಐದು ಸಾಲು ಇದ್ದಿದ್ದರೆ ನನ್ನ ವೇಗಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ನಿಧಾನ ಅಂತ ಕಿತ್ತದ್ದಲ್ಲ ನಾನು. ಚಂದ ಇಲ್ಲ ಅಂತ ಕಿತ್ತೆ.

ಈ ಸಲ ಏಳೂ ಎಸ್ಟೇಟಿನ ಹಳೆಯ ಮಳೆ ಕೊಟ್ಟು ತಾಳೆ ನೋಡುತ್ತಿದ್ದೇನೆ. ದಿನಗಟ್ಟಲೆ ಹಿಡಿಯುತ್ತದೆ. ಹಿಡಿಯಲಿ.

ಜುಲೈ 31, ಗುರುವಾರ

ದಯಾನಂದ ಸರ್‌ಗೆ ಎಲ್ಲ ಹೇಳಿದೆ. ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಸರಿಮಾಡಿದ್ದೀರಲ್ಲ? ಅಷ್ಟು ಸಾಕು. ಲೈನಿನವರಿಗೆ ಹೇಳ್ಬೇಡಿ. ಹೇಳಿದ್ರೆ ಅಜ್ಜಿ ವಾಪಸ್ ಬರ್ತಾರಾ? ನಾಳೆ ನಿಜವಾಗ್ಲೂ ಜರಿಯೋ ದಿನ ನೀವು ಫೋನ್ ಮಾಡ್ತೀರ, ಒಬ್ರೂ ಏಳಲ್ಲ. ಆ ಸಾವು ಯಾರ ತಲೆಗೆ ಬರುತ್ತೆ ಹೇಳಿ?"

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ಅದೇ ಕಷ್ಟ.

ಅಲ್ಲಿಂದ ಗಂಗಾಮಣಿ ಅಮ್ಮನ ಮನೆಗೆ ಹೋದೆ. ಬೀನ್ಸ್ ಸೋಸುತ್ತಿದ್ದರು. ಅವರಿಗೂ ಮೊದಲಿಂದ ಹೇಳಿದೆ. ಅಳುತ್ತಲೇ, ಮೇಷ್ಟ್ರ ಸಾಲು ಕಿತ್ತುಹಾಕಿದ್ದಕ್ಕೆ ಕ್ಷಮಿಸಿ ಅಂದೆ. ಅವರು ಬೀನ್ಸ್ ಬಿಟ್ಟು ನನ್ನನ್ನೇ ನೋಡಿದರು.

"ಆ ಅಜ್ಜಿ ಮಗಳಿಗೆ ಹೇಳಿದ್ಯಾ?"

"ಇಲ್ಲಮ್ಮ."

"ಮತ್ತೆ ನಂಗ್ಯಾಕೆ ಹೇಳ್ತಾ ಕೂತಿದ್ದೀಯ?"

ಆಗಸ್ಟ್ 3, ಭಾನುವಾರ

ಶೀಲಕ್ಕ ಮನೆ ಮುಂದೆ ಸೌದೆ ಒಡೆಯುತ್ತಿದ್ದಳು. ಕೂತ್ಕೊಳಿ ಅಂತ ಮಣೆ ಹಾಕಿದಳು. ನಾನು ನಿಂತೇ ಹೇಳಿದೆ. ಚುಕ್ಕಿ, ಸೆಂಟು, ನಾನು ಕಿತ್ತ ಸಾಲು. ಬಿಡಿಸಿ ಹೇಳಿದೆ. ಎಂಟು ಸೆಂಟನ್ನು ಎಂಬತ್ತು ಅಂತ ಓದಿದೆ, ಅವತ್ತು ಯಾರೂ ಮನೆ ಬಿಡಬೇಕಾಗಿರಲಿಲ್ಲ ಅಂದೆ.

ಕೊಡಲಿ ಕೆಳಗಿಟ್ಟಳು. "ಅಂಗಾರೆ ಅವ್ವನ್ನ ಹೊತ್ಕಂಡೋಗಿದ್ದು ಸುಮ್ಸುಮ್ನೆ."

"ಹೌದು."

"ಅವ್ಳು ಕುರ್ಚಿ ಮೇಲೆ ಕುಂತು ದಾರೀವುದ್ದಕ್ಕೂ ನನ್ನ ಬೈತಿದ್ಲು. ಬಾಯಿ ಮುಚ್ಕಂಡು ಕುಂತ್ಕೊಳವ್ವ ಅಂದೆ ನಾನು. ಅಂಗಂದ್ಬುಟ್ಟೆ." ಸೌದೆ ತುಂಡುಗಳನ್ನು ಬದಿಗೆ ಸರಿಸಿ ಕೇಳಿದಳು: "ಜವಾಬ್ದಾರಿ ನಂದು ಅಂದಿದ್ರಿ ನೀವು ಫೋನಲ್ಲಿ."

"ಅಂದಿದ್ದೆ."

"ಅಂಗಂದ್ರೆ ಏನು ಮೇಡಂ?"

ಅವಳು ಚುಚ್ಚಲು ಕೇಳಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ನನಗೂ ಗೊತ್ತಿರಲಿಲ್ಲ.

ಆಮೇಲೆ ಅವಳೇ ಎದ್ದು ಮನೆ ಮನೆಗೂ ಹೋಗಿ ಎಲ್ಲರನ್ನೂ ಕರೆದಳು. "ನನ್ನೊಬ್ಳಿಗೇ ಹೇಳಿದ್ರಾಗಲ್ಲ, ಎಲ್ರೂ ಎದ್ದೋಗಿದ್ರು, ಎಲ್ರಿಗೂ ಹೇಳಿ." ಎಲ್ಲರ ಎದುರು ಮತ್ತೊಮ್ಮೆ ಹೇಳಿದೆ. ಯಾರೂ ಬೈಯಲಿಲ್ಲ. ಅಂದು ನನ್ನ ಕೈ ಹಿಡಿದಿದ್ದ ಹೆಂಗಸು ಮುಖ ಆಚೆ ತಿರುಗಿಸಿದರು. ಇನ್ನು ಮೇಲೆ ಫೋನ್ ಬಂದರೆ ಏನು ಮಾಡೋದು ಅಂತ ಯಾರೋ ಕೇಳಿದರು. "ಬಂದಾಗ ನೋಡನ" ಅಂದಳು ಶೀಲಕ್ಕ.

ಆಗಸ್ಟ್ 11, ಸೋಮವಾರ

ಶಾಲೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೋಟ್‌ಬುಕ್ ಒದ್ದೆಯಾಗಿದೆ.

ಬೆಳಿಗ್ಗೆ ಹಿಡಿತ 0.96 ಬಂತು. ನಂಬಲಿಲ್ಲ. ಧರ್ಮಣ್ಣನಿಗೆ ಫೋನ್ ಮಾಡಿ ಮೂರು ದಿನದ ಮಳೆಯನ್ನು ಬಾಯಲ್ಲಿ ಓದಿಸಿದೆ. ಅವನು ಒಂದೊಂದಾಗಿ ಹೇಳಿದ: ನಲವತ್ತು ಸೆಂಟು, ಐವತ್ತೆರಡು ಸೆಂಟು, ಒಂದು ಇಂಚು ಐದು ಸೆಂಟು. ನಾನು ಒಂದೊಂದನ್ನೂ ಕೈಯಲ್ಲಿ ಬರೆದುಕೊಂಡು ತಾಳೆ ನೋಡಿದೆ. ಸರಿಯಿತ್ತು.

ಶೀಲಕ್ಕನಿಗೆ ಫೋನ್ ಮಾಡಿದೆ. ಎತ್ತುತ್ತಾಳೆ ಅಂದುಕೊಂಡಿರಲಿಲ್ಲ. ಎತ್ತಿದಳು.

"ಲೆಕ್ಕ ಸರಿ ಐತಾ ಮೇಡಂ?"

"ಸರಿ ಇದೆ ಅನ್ಸುತ್ತೆ. ಖಂಡಿತ ಅಂತ ಹೇಳಕ್ಕೆ ನನ್ನಿಂದಾಗಲ್ಲ. ಹಳ್ಳದ ನೀರು ಹೇಗಿದೆ ನೋಡ್ತೀರಾ?"

ಅವಳು ನಡೆಯುವ ಸದ್ದು ಕೇಳಿಸಿತು. ತಲೆಗೆ ಹೊದ್ದ ಪ್ಲಾಸ್ಟಿಕ್ ಕೊಪ್ಪೆಯ ಮೇಲೆ ಮಳೆ ಬೀಳುವ ಸದ್ದು. ನಾನು ಫೋನ್ ಹಿಡಿದು ನಿಂತೇ ಇದ್ದೆ.

"ಕೆಂಪಗಾಗೈತೆ," ಅಂದಳು. "ಎಬ್ಬುಸ್ತೀನಿ ಎಲ್ರನ್ನೂವೆ."

ಅಬ್ಬಾನ ಜೊತೆ ಜೀಪಿನಲ್ಲಿ ನಾನೂ ಬಂದೆ. ಎಲ್ಲ ಮನೆಯೂ ಎದ್ದಿತ್ತು. ಕೆಲವರು ಗೊಣಗುತ್ತಲೇ ಎದ್ದಿದ್ದರು, ಶೀಲಕ್ಕ ಹೇಳಿದಳು ಅಂತ, ನಾನು ಹೇಳಿದೆ ಅಂತಲ್ಲ. ಮಕ್ಕಳಿಗೆ ಅನ್ನ ಹಾಕಿದ್ದೆವು. ಆಗ ಸದ್ದು ಬಂತು. ದೊಡ್ಡ ಸದ್ದೇನಲ್ಲ. ಲಾರಿಯಿಂದ ಜಲ್ಲಿ ಸುರಿದ ಹಾಗೆ. ಆದರೆ ನಿಲ್ಲಲೇ ಇಲ್ಲ.

ನಾಲ್ಕು ಮನೆ ಹೋದವು. ಯಾರಿಗೂ ಒಂದು ಗೀರೂ ಆಗಿಲ್ಲ. ಚೆಲುವಮ್ಮನ ಮನೆ ಎರಡನೆಯದು.

ಆಗಸ್ಟ್ 12, ಮಂಗಳವಾರ

ದಯಾನಂದ ಸರ್ ಬೆಳಿಗ್ಗೆಯೇ ಬಂದರು. ನನ್ನನ್ನು ಪಕ್ಕಕ್ಕೆ ಕರೆದು, "ನೋಡಿದ್ರಾ, ಅದಕ್ಕೂ ಇದಕ್ಕೂ ಸರಿಹೋಯ್ತು" ಅಂದರು. ಅಂದು ಮುಖ ತಿರುಗಿಸಿದ್ದ ಹೆಂಗಸು ಮಾತಾಡಿಸಿದರು. ಚೆಲುವಮ್ಮನ ಸಾವು ದಂಡವಾಗಲಿಲ್ಲ ಅಂತ ಯಾರೋ ಅಂದರು. ನನ್ನ ಮನಸ್ಸಿನ ಮೂಲೆಯಲ್ಲೂ ಅಂಥದ್ದೇ ಒಂದು ಮಾತು ಎದ್ದಿತ್ತು. ಇಲ್ಲ ಅಂತ ಹೇಗೆ ಬರೆಯಲಿ?

ಶೀಲಕ್ಕ ಜಗಲಿಯ ತುದಿಯಲ್ಲಿ ಕೂತಿದ್ದಳು. ಮಣ್ಣಿನಿಂದ ತೆಗೆದ ಒಂದು ಪಾತ್ರೆಯನ್ನು ತೊಳೆದು ಒರೆಸುತ್ತಿದ್ದಳು. ಪಕ್ಕದಲ್ಲಿ ಕೂತೆ. ಮನೆ ಹೋದದ್ದಕ್ಕೆ ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ.

"ಮನೆ ಹೆಂಗೂ ಹೋಗಾದಿತ್ತು ಬುಡಿ ಮೇಡಂ," ಅಂದಳು. "ನಿನ್ನೆ ನೀವು ಹೇಳಿದ್ದು ಒಳ್ಳೇದೇ ಆಯ್ತು. ಅವ್ವ ಇದ್ದಿದ್ರೂ ನಿನ್ನೆ ತಾನೇ ಎದ್ದು ಬರೋಳು, ನೀರು ಕೆಂಪಾಗಿತ್ತಲ್ಲ." ಪಾತ್ರೆಯನ್ನು ಬೋರಲು ಹಾಕಿದಳು. "ಆದ್ರೆ ಆ ಮನೇಲಿ ಅವ್ಳಿಗೆ ಇನ್ನೂ ಇಪ್ಪತ್ತೆಂಟು ದಿನ ಇತ್ತು."

ಅಳು ಇರಲಿಲ್ಲ ಅವಳ ಮಾತಿನಲ್ಲಿ. ಎದ್ದು ಒಳಗೆ ಹೋದಳು.

ನಾನು ಬೆರಳು ಮಡಿಚಿ ಎಣಿಸಿದೆ. ಜುಲೈ ಹದಿನಾಲ್ಕು ಬಿಟ್ಟು ಆ ತಿಂಗಳಲ್ಲಿ ಹದಿನೇಳು, ಆಗಸ್ಟ್‌ನಲ್ಲಿ ಹನ್ನೊಂದು. ಇನ್ನೊಂದು ಸಲ ಎಣಿಸಿದೆ. ಇಪ್ಪತ್ತೆಂಟು. ಶೀಲಕ್ಕನ ಲೆಕ್ಕ ಸರಿಯಾಗಿದೆ.